ವೆಂಗಿಯ ರಕ್ತವೋ, ಬೆಳ್ವೊಲದ ಮಣ್ಣೋ?

‘ಪಂಪನ ಜನ್ಮಸ್ಥಳವನ್ನು ಕುರಿತು ಟಿಪ್ಪಣಿ ಬರೆಯಿರಿ’ ಎಂಬ ಐದು ಅಂಕದ ಪ್ರಶ್ನೆಯನ್ನು ನನ್ನ ಅಧ್ಯಾಪಕ ವೃತ್ತಿಯಲ್ಲಿ ಎಷ್ಟು ಸಲ ಕೊಟ್ಟಿದ್ದೇನೆಂದು ಲೆಕ್ಕವಿಟ್ಟಿಲ್ಲ. ಅಣ್ಣಿಗೇರಿ ಎಂದು ಬರೆದವರಿಗೂ ಅಂಕ ಕೊಟ್ಟಿದ್ದೇನೆ, ವೆಂಗಿಮಂಡಲ ಎಂದು ಬರೆದವರಿಗೂ ಕೊಟ್ಟಿದ್ದೇನೆ. ಎರಡನ್ನೂ ಬರೆದು ‘ಈ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ’ ಎಂದು ಮುಗಿಸಿದ ಜಾಣರಿಗೆ ಐದಕ್ಕೆ ಐದು ಕೊಟ್ಟದ್ದೂ ಉಂಟು. ಉತ್ತರಗಳಲ್ಲಿ ತಪ್ಪಿರಲಿಲ್ಲ, ಪ್ರಶ್ನೆಯಲ್ಲೇ ತಪ್ಪಿತ್ತು ಎಂಬುದು ನನಗೆ ಹೊಳೆದದ್ದು ತೀರ ತಡವಾಗಿ.

ಹೊಳೆಯಲು ಕಾರಣವಾದದ್ದು ಒಂದು ವಿಚಾರ ಸಂಕಿರಣ. ಅಲ್ಲಿ ಒಬ್ಬ ವಿದ್ವಾಂಸರು ಪಂಪನ ಪೂರ್ವಿಕರು ವೆಂಗಿಯವರು, ಆದುದರಿಂದ ಆತ ಮೂಲತಃ ತೆಲುಗನು, ಕನ್ನಡಿಗರು ಅವನನ್ನು ತಮ್ಮವನೆಂದು ಬರೆದುಕೊಂಡಿದ್ದಾರೆ ಎಂದರು. ಮತ್ತೊಬ್ಬರು ಎದ್ದು, ತಾಯಿಯ ತವರು ಅಣ್ಣಿಗೇರಿ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗುವುದು ನಮ್ಮ ಪದ್ಧತಿ, ಆದುದರಿಂದ ಪಂಪ ಹುಟ್ಟಿದ್ದು ಕನ್ನಡದ ಮಣ್ಣಿನಲ್ಲಿ, ಅವನು ಅಪ್ಪಟ ಕನ್ನಡಿಗ ಎಂದು ಮೇಜು ಕುಟ್ಟಿದರು. ಇಬ್ಬರಿಗೂ ಚಪ್ಪಾಳೆ ಬಿತ್ತು. ಹತ್ತನೆಯ ಶತಮಾನದ ಹೆರಿಗೆಯ ದಾಖಲೆ ಎರಡನೆಯವರಿಗೆ ಎಲ್ಲಿ ಸಿಕ್ಕಿತೋ ನಾನರಿಯೆ, ಅದು ಬೇರೆ ಮಾತು. ನನ್ನನ್ನು ಕಾಡಿದ್ದು ಅವರ ಜಗಳವಲ್ಲ, ಆ ಜಗಳದ ಅಡಿಯಲ್ಲಿದ್ದ ಒಮ್ಮತ. ಒಬ್ಬರಿಗೆ ವಂಶ, ಇನ್ನೊಬ್ಬರಿಗೆ ಹುಟ್ಟೂರು. ಆದರೆ ಮನುಷ್ಯನೊಬ್ಬ ಯಾವ ನಾಡಿನವನೆಂಬುದು ಅವನು ಬಾಯಿ ತೆರೆಯುವುದಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ ಎಂಬಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ.

ಈ ಒಮ್ಮತವನ್ನು ವಿರೋಧಿಸುವುದಕ್ಕಾಗಿ ಈ ಬರಹ. ವಲಸೆ ಬಂದ ಮನೆತನದ ವ್ಯಕ್ತಿಯ ನಾಡನ್ನು ರಕ್ತವೂ ನಿರ್ಣಯಿಸದು, ಹುಟ್ಟಿದ ಮಣ್ಣೂ ನಿರ್ಣಯಿಸದು ಎಂಬುದು ನನ್ನ ವಾದ. ಇದಕ್ಕೆ ಹೊರಗಿನ ಸಿದ್ಧಾಂತಗಳನ್ನು ತರಬೇಕಾಗಿಲ್ಲ. ಹಳಗನ್ನಡ ಸಾಹಿತ್ಯಚರಿತ್ರೆಯನ್ನು ಗಮನವಿಟ್ಟು ಓದಿದರೆ ಸಾಕು.

ಮೊದಲು ತಿಳಿದಿರುವ ಸಂಗತಿಗಳನ್ನು ನೋಡೋಣ. ಪಂಪನು ಹೇಳಿಕೊಳ್ಳುವ ವಂಶಾವಳಿ ಮಾಧವ ಸೋಮಯಾಜಿಯಿಂದ ತೊಡಗಿ ಅಭಿಮಾನಚಂದ್ರ, ಕೊಮರಯ್ಯ, ತಂದೆ ಭೀಮಪಯ್ಯ ಎಂದು ಇಳಿಯುತ್ತದೆ. ಮನೆತನದ ಮೂಲ ವೆಂಗಿಮಂಡಲದ ವೆಂಗಿಪಳು. ಸೋಮಯಾಜಿಯ ಆ ವಂಶದಲ್ಲಿ ಭೀಮಪಯ್ಯನು ಜೈನಧರ್ಮವನ್ನು ಸ್ವೀಕರಿಸಿದನು. ತಂದೆಯ ಆ ಆಯ್ಕೆಯನ್ನು ಪಂಪ ಸಂಕೋಚದಿಂದಲ್ಲ, ಹೆಮ್ಮೆಯಿಂದ ಹೇಳುತ್ತಾನೆ. ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಇದು ನಮಗೆ ತಿಳಿಯುವುದು ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿಯ ಬೆಟ್ಟದಲ್ಲಿ ಕೆತ್ತಿಸಿದ ಶಾಸನದಿಂದ. ಆಶ್ರಯ ಕೊಟ್ಟವನು ವೇಮುಲವಾಡದ ಚಾಲುಕ್ಯ ಅರಿಕೇಸರಿ. ಅದೂ ಇಂದು ತೆಲಂಗಾಣವೇ. ಹೀಗೆ ವಂಶ ಒಂದು ಕಡೆ, ತಾಯಿಯ ಮನೆ ಒಂದು ಕಡೆ, ಅನ್ನದ ಸ್ಥಳ ಮತ್ತೊಂದು ಕಡೆ. ಇಂಥವನು ಬರೆದದ್ದು ಪುಲಿಗೆರೆಯ ಕನ್ನಡದ ತಿರುಳಿನಲ್ಲಿ. ಅದೂ ನಾಲ್ಕನೆಯ ಕಡೆ.

ಇಷ್ಟಕ್ಕೆ ನಿಲ್ಲಲಿಲ್ಲ. ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನನ ತೀರ್ಥಯಾತ್ರೆಯ ನೆಪದಲ್ಲಿ ಕವಿಯ ಮನಸ್ಸು ಬನವಾಸಿಯ ಕಡೆ ಹರಿಯುತ್ತದೆ. ಆ ಪದ್ಯಗಳು ಯಾವ ಕನ್ನಡಿಗನಿಗೂ ಅಪರಿಚಿತವಲ್ಲ. ನಾಡಿನ ಮೇಲಿನ ಪ್ರೀತಿಗೆ ಕನ್ನಡದಲ್ಲಿ ಅವಕ್ಕಿಂತ ದೊಡ್ಡ ಸಾಕ್ಷಿಯಿಲ್ಲ ಎಂದು ನಾವು ಒಂದು ಶತಮಾನದಿಂದ ಭಾಷಣ ಮಾಡುತ್ತಿದ್ದೇವೆ. ಆದರೆ ಬನವಾಸಿ ಪಂಪನಿಗೆ ತಂದೆಯ ನಾಡಲ್ಲ, ತಾಯಿಯ ನಾಡಲ್ಲ. ತಾನು ಅಲ್ಲಿ ಹುಟ್ಟಿದೆನೆಂದು ಅವನು ಎಲ್ಲಿಯೂ ಹೇಳಿಲ್ಲ. ಕನ್ನಡ ನಾಡಿನ ಬಗೆಗಿನ ಅತ್ಯಂತ ಉತ್ಕಟವಾದ ಹಂಬಲವನ್ನು ನುಡಿದವನು ರಕ್ತದಿಂದಲೂ ಹುಟ್ಟಿನಿಂದಲೂ ಆ ಸ್ಥಳಕ್ಕೆ ಸೇರದವನು! ಸಂಕಿರಣದ ಇಬ್ಬರು ವಿದ್ವಾಂಸರಲ್ಲಿ ಯಾರ ಅಳತೆಗೋಲಿಗೂ ಈ ಸಂಗತಿ ಸಿಗುವುದಿಲ್ಲ.

ಜಿನವಲ್ಲಭನ ಶಾಸನಕ್ಕೆ ಮರಳುತ್ತೇನೆ. ಏಕೆಂದರೆ ವಾದದ ತಿರುಳಿರುವುದು ಅಲ್ಲಿ. ಆ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಅದರ ತೆಲುಗು ಕಂದಪದ್ಯಗಳು ಆ ಭಾಷೆಯ ಅತ್ಯಂತ ಹಳೆಯ ಕಂದಗಳಲ್ಲಿ ಸೇರುತ್ತವೆ. ತೆಲುಗು ವಿದ್ವಾಂಸರು ಅವನ್ನು ಅಭಿಮಾನದಿಂದ ಎತ್ತಿ ಹೇಳುವುದು ಸಹಜವೇ. ಈಗ ನೋಡಿ: ಇಬ್ಬರು ಸೋದರರು. ತಂದೆ ಒಬ್ಬ, ತಾಯಿ ಒಬ್ಬಳು, ಧರ್ಮ ಒಂದು. ಅಣ್ಣನು ಕನ್ನಡದ ಆದಿಕವಿಯಾಗುತ್ತಾನೆ. ಅಣ್ಣನ ಕೀರ್ತಿಯನ್ನು ಕಲ್ಲಿನಲ್ಲಿ ನಿಲ್ಲಿಸುವಾಗ ತಮ್ಮನಿಗೆ ಕನ್ನಡವೊಂದೇ ಸಾಲದು, ಸುತ್ತಲಿನ ಜನರ ತೆಲುಗೂ ಬೇಕೆನಿಸುತ್ತದೆ. ರಕ್ತವೇ ನಿರ್ಣಾಯಕವಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಮಣ್ಣೇ ನಿರ್ಣಾಯಕವೆಂದರೆ ಇಬ್ಬರ ಬದುಕಿನ ಮಣ್ಣೂ ಬಹುತೇಕ ಒಂದೇ ಅಲ್ಲವೆ? ಅಣ್ಣತಮ್ಮಂದಿರನ್ನು ಎದುರಿಗೆ ನಿಲ್ಲಿಸಿದ ಕೂಡಲೇ ಎರಡೂ ಸಿದ್ಧಾಂತಗಳು ಒಟ್ಟಿಗೆ ಕುಸಿಯುತ್ತವೆ. ಇದನ್ನು ನಾನು ‘ಒಡಹುಟ್ಟಿದವರ ಪರೀಕ್ಷೆ’ ಎಂದು ಕರೆಯುತ್ತೇನೆ. ಸಂಶೋಧಕ ಮಿತ್ರರು ತಮಗೆ ಗೊತ್ತಿರುವ ಯಾವ ವಲಸಿಗ ಮನೆತನಕ್ಕಾದರೂ ಇದನ್ನು ಅನ್ವಯಿಸಿ ನೋಡಬಹುದು.

ಇನ್ನೂ ಹಿಂದಕ್ಕೆ ಹೋದರೆ ಇದೇ ಕಥೆ ತಿರುಗುಮುರುಗಾಗಿ ಕಾಣುತ್ತದೆ. ಏಳನೆಯ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಿಕೇಶಿಯು ವೆಂಗಿಯನ್ನು ಗೆದ್ದು ಅಲ್ಲಿ ತನ್ನ ತಮ್ಮ ಕುಬ್ಜ ವಿಷ್ಣುವರ್ಧನನನ್ನು ನೆಲೆಗೊಳಿಸಿದನು. ಆ ತಮ್ಮನ ಸಂತತಿಯೇ ವೆಂಗಿಯ ಪೂರ್ವ ಚಾಲುಕ್ಯರು. ಹನ್ನೊಂದನೆಯ ಶತಮಾನದಲ್ಲಿ ಅದೇ ವಂಶದ ರಾಜರಾಜನರೇಂದ್ರನ ಆಸ್ಥಾನದಲ್ಲಿ ನನ್ನಯ್ಯನು ತೆಲುಗಿನಲ್ಲಿ ಮಹಾಭಾರತವನ್ನು ಆರಂಭಿಸಿದನು. ಅಂದರೆ ಮಲಪ್ರಭೆಯ ದಂಡೆಯಿಂದ ಹೋದ ರಕ್ತವು ತೆಲುಗಿನ ಆದಿಕವಿಗೆ ಆಶ್ರಯ ಕೊಟ್ಟಿತು, ವೆಂಗಿಯಿಂದ ಬಂದ ರಕ್ತವು ಕನ್ನಡಕ್ಕೆ ಅದರ ಆದಿಕವಿಯನ್ನೇ ಕೊಟ್ಟಿತು. ‘ಪಂಪ ತೆಲುಗನು’ ಎನ್ನುವವರು ‘ರಾಜರಾಜನರೇಂದ್ರ ಕನ್ನಡಿಗ’ ಎಂದು ಒಪ್ಪಲು ಸಿದ್ಧರಿದ್ದಾರೆಯೆ? ಇಲ್ಲ. ಸಿದ್ಧರಿರಬೇಕಾಗಿಯೂ ಇಲ್ಲ. ನಾಲ್ಕು ನೂರು ವರ್ಷ ಆ ನಾಡಿನ ನೀರು ಕುಡಿದು, ಆ ಜನರ ನುಡಿಗೆ ಹೊನ್ನು ಸುರಿದವನು ಆ ನಾಡಿನವನೇ.

ಪಂಪನೊಬ್ಬನೇ ಅಪವಾದವೆಂದು ತಿಳಿಯಬೇಡಿ. ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ ಮಲ್ಲಪಯ್ಯ, ಪುನ್ನಿಮಯ್ಯ ಎಂಬ ಸೋದರರು ವೆಂಗಿವಿಷಯದ ಕಮ್ಮೆನಾಡಿನ ಪುಂಗನೂರಿನ ನಾಗಮಯ್ಯನ ಮಕ್ಕಳು. ಆ ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ಕಾವ್ಯ ಅಳಿಯಬಾರದೆಂದು ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆ, ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ. ಛಂದೋಂಬುಧಿಯನ್ನು ಬರೆದ ನಾಗವರ್ಮನ ಮನೆತನವೂ ವೆಂಗಿಯದೇ. ಹತ್ತನೆಯ ಶತಮಾನದ ಕನ್ನಡದಿಂದ ಈ ವಲಸಿಗ ಮನೆತನಗಳನ್ನು ರಕ್ತದ ಲೆಕ್ಕದಲ್ಲಿ ಹೊರಗೆ ಹಾಕಿದರೆ ನಮಗೆ ಉಳಿಯುವುದೇನು? ಮುಧೋಳದ ಬಳೆಗಾರ ಕುಲದ ರನ್ನ ಉಳಿಯುತ್ತಾನೆ ನಿಜ. ಆದರೆ ಅವನ ಅಜಿತಪುರಾಣಕ್ಕೆ ಆಶ್ರಯವಿತ್ತ ಕೈ ಉಳಿಯುವುದಿಲ್ಲ.

ಇಲ್ಲಿ ಕನ್ನಡಿಗರಾದ ನಮ್ಮ ಎರಡು ನಾಲಗೆಯ ಬಗ್ಗೆಯೂ ಹೇಳಲೇಬೇಕು. ಪಂಪನ ವಿಷಯ ಬಂದಾಗ ನಾವು ಮಣ್ಣಿನ ಪಕ್ಷದವರು: ಹುಟ್ಟಿದ್ದು ಅಣ್ಣಿಗೇರಿ, ಮುಗಿಯಿತು. ಬಂಗಾಳದ ಸೇನರ ವಿಷಯ ಬಂದ ಕೂಡಲೇ ರಕ್ತದ ಪಕ್ಷಕ್ಕೆ ಹಾರುತ್ತೇವೆ. ಸೇನರು ತಮ್ಮ ಶಾಸನದಲ್ಲಿ ಕರ್ಣಾಟ ಮೂಲವನ್ನು ಹೇಳಿಕೊಂಡಿರುವುದು ಸತ್ಯ. ಮಿಥಿಲೆಯಲ್ಲಿ 1097ರ ಸುಮಾರಿಗೆ ನಾನ್ಯದೇವ ಸ್ಥಾಪಿಸಿದ ವಂಶಕ್ಕೆ ಇತಿಹಾಸದಲ್ಲಿ ಕರ್ಣಾಟ ವಂಶವೆಂದೇ ಹೆಸರು. ಅಷ್ಟನ್ನು ಹಿಡಿದು ‘ಗಂಗೆಯ ಬಯಲನ್ನಾಳಿದ ಕನ್ನಡಿಗರು’ ಎಂದು ರಾಜ್ಯೋತ್ಸವದ ವೇದಿಕೆಗಳಲ್ಲಿ ಎದೆ ತಟ್ಟಿಕೊಳ್ಳುತ್ತೇವೆ. ಆದರೆ ಆ ವಂಶದ ಹರಿಸಿಂಹದೇವನ ಆಸ್ಥಾನದಲ್ಲಿ ಹುಟ್ಟಿದ್ದು ಜ್ಯೋತಿರೀಶ್ವರನ ವರ್ಣರತ್ನಾಕರ, ಮೈಥಿಲಿ ಭಾಷೆಯ ಅತಿ ಪ್ರಾಚೀನ ಗದ್ಯಗ್ರಂಥ. ಕರ್ಣಾಟ ಎಂಬ ಹೆಸರನ್ನು ಎರಡು ಶತಮಾನ ಹೊತ್ತವರು ಆ ಹೊತ್ತಿಗೆ ಮೈಥಿಲರಾಗಿದ್ದರು. ಹೆಸರು ನಮ್ಮದು, ಬಾಳು ಅವರದು. ವೆಂಗಿಪಳುವಿನ ಹೆಸರು ಹೊತ್ತ ಪಂಪನು ಕನ್ನಡಿಗನಾದದ್ದು ಸರಿ ಎನ್ನುವವರು ಇದನ್ನೂ ಸರಿ ಎನ್ನಬೇಕು. ಎರಡನ್ನೂ ನಮ್ಮ ಜೇಬಿಗೇ ಹಾಕಿಕೊಳ್ಳುತ್ತೇವೆ ಎನ್ನುವುದು ಸಂಶೋಧನೆಯಲ್ಲ, ಆಸ್ತಿಯ ವ್ಯಾಜ್ಯ.

ಪಂಪನಿಗೆ ಈ ಸಮಸ್ಯೆ ಗೊತ್ತಿತ್ತೆ? ಗೊತ್ತಿತ್ತು ಎನ್ನುವುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಕರ್ಣ. ಕೃತಿಯಲ್ಲಿ ಕವಿಯ ಆತ್ಮಕಥೆಯನ್ನು ಹುಡುಕುವ ಚಾಳಿ ನನಗಿಲ್ಲ, ವಿದ್ಯಾರ್ಥಿಗಳಿಗೂ ಅದು ಬೇಡ. ಆದರೂ ಕರ್ಣನ ಪ್ರಶ್ನೆಯನ್ನು ಒಮ್ಮೆ ಬಿಡಿಸಿ ನೋಡಿ. ರಕ್ತದಿಂದ ಅವನು ಕೌಂತೇಯ, ಬೆಳೆದದ್ದರಿಂದ ರಾಧೇಯ, ಪಟ್ಟದಿಂದ ಅಂಗದೇಶದವನು. ರಂಗಭೂಮಿಯಲ್ಲಿ ಅವನ ಕುಲವನ್ನು ಎತ್ತಿ ಆಡಿದಾಗ ಪಂಪನ ದುರ್ಯೋಧನ ಕೊಡುವ ಉತ್ತರ ಕುಲದ ಕಲ್ಪನೆಯನ್ನೇ ತಲೆಕೆಳಗು ಮಾಡುತ್ತದೆ. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವ ಸಂದರ್ಭದಲ್ಲಿ ದ್ರೋಣನು ಮತ್ತೆ ಕುಲದ ಮಾತು ತೆಗೆದಾಗ ಕರ್ಣನೇ ಎದ್ದು, ಕುಲವೆಂದರೆ ಹುಟ್ಟಲ್ಲ, ಮನುಷ್ಯನ ಛಲ ಗುಣ ಅಭಿಮಾನಗಳೇ ಕುಲ ಎನ್ನುತ್ತಾನೆ. ಕೃಷ್ಣನು ಬಂದು ಅವನ ಜನ್ಮದ ಗುಟ್ಟನ್ನು ತೆರೆದು, ನೀನು ಪಾಂಡವರಿಗೆ ಹಿರಿಯ, ಈ ನೆಲ ನಿನ್ನದು ಎಂದು ಆಮಿಷ ಒಡ್ಡುತ್ತಾನೆ. ರಕ್ತದ ಸಿದ್ಧಾಂತ ಎಂದಾದರೂ ಯಾರಿಗಾದರೂ ಕೊಡಬಹುದಾದ ಅತಿ ದೊಡ್ಡ ಬಹುಮಾನವೇ ಅದು, ಇಡೀ ಭೂಮಂಡಲ. ಕರ್ಣನು ಅದನ್ನು ಒಲ್ಲೆನೆನ್ನುತ್ತಾನೆ. ತಾನು ಯಾರ ಮಗನೆಂಬುದನ್ನು ಅವನು ಅಲ್ಲಗಳೆಯುವುದಿಲ್ಲ, ಅದನ್ನು ಕೇಳಿ ಅವನಿಗೆ ಸಂಕಟವಾಗುತ್ತದೆ. ಆದರೆ ತಾನು ಯಾರ ಪರವಾಗಿ ನಿಲ್ಲುವವನು ಎಂಬುದನ್ನು ಆ ಸುದ್ದಿ ಬದಲಿಸುವುದಿಲ್ಲ. ಇಲ್ಲಿಯೂ ಒಡಹುಟ್ಟಿದವರು ಎದುರುಬದುರು ನಿಂತಿದ್ದಾರೆ ಎಂಬುದನ್ನು ಮರೆಯಬಾರದು.

ನಮ್ಮ ಶಾಸನಗಳಲ್ಲಿ, ಕಾವ್ಯಗಳಲ್ಲಿ ಇದಕ್ಕೊಂದು ಪದವೇ ಇದೆ: ಜೋಳವಾಳಿ. ಉಂಡ ಜೋಳದ ಋಣವನ್ನು ತೀರಿಸುವ ನಿಷ್ಠೆ. ರಕ್ತಕ್ಕೂ ಮಣ್ಣಿಗೂ ಬದಲಾಗಿ ಈ ಪದವನ್ನು ನಾನು ಮುಂದಿಡುತ್ತಿದ್ದೇನೆ ಎಂದ ಕೂಡಲೇ ಒಂದು ಅಪಾಯ ಕಾದಿರುತ್ತದೆ. ‘ನಮ್ಮ ಅನ್ನ ಉಂಡಿದ್ದೀಯ, ನಿಷ್ಠೆ ತೋರಿಸು’ ಎಂದು ವಲಸಿಗನ ಕೊರಳಪಟ್ಟಿ ಹಿಡಿಯುವವರು ಇದೇ ಪದವನ್ನು ಬಳಸಬಹುದು, ಬಳಸುತ್ತಿದ್ದಾರೆ ಕೂಡ. ಅವರು ಪಂಪನನ್ನು ಸರಿಯಾಗಿ ಓದಿಲ್ಲ. ಋಣದ ಮಾತನ್ನು ಆಡುವವನು ಕರ್ಣ, ದುರ್ಯೋಧನನಲ್ಲ. ಉಂಡವನು ತಾನಾಗಿ ನೆನೆದಾಗ ಅದು ಜೋಳವಾಳಿ. ಉಣಿಸಿದವನು ಬಾಗಿಲಲ್ಲಿ ನಿಂತು ಕೇಳಿದಾಗ ಅದು ಬಡ್ಡಿವ್ಯಾಪಾರ.

‘ಇದೆಲ್ಲ ಹತ್ತನೆಯ ಶತಮಾನದ ಮಾತಾಯಿತು. ಆಗ ಪಾಸ್‌ಪೋರ್ಟ್ ಇರಲಿಲ್ಲ, ರಾಷ್ಟ್ರವೂ ಇಂದಿನ ಅರ್ಥದಲ್ಲಿ ಇರಲಿಲ್ಲ’ ಎಂಬ ಆಕ್ಷೇಪ ನ್ಯಾಯವಾದದ್ದೇ. ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಎಂದು ನಾಡನ್ನು ಗುರುತಿಸುವಾಗ ಎರಡು ನದಿಗಳ ಜತೆಗೆ ಕನ್ನಡದಲ್ಲಿ ಭಾವಿಸಿದ ಜನಪದವೆಂಬ ಮಾತನ್ನೂ ಸೇರಿಸುತ್ತದೆ. ಬರಿಯ ನದಿಯನ್ನೇ ಗಡಿಯಾಗಿ ಹಿಡಿದರೆ ವೆಂಗಿಯೂ ಗೋದಾವರಿಯ ದಕ್ಷಿಣಕ್ಕೇ ಇದೆ, ಆಗ ಸಂಕಿರಣದ ಜಗಳವೇ ಇರುತ್ತಿರಲಿಲ್ಲ! ಇಂದಿನ ರಾಷ್ಟ್ರಗಳಿಗೆ ಹೀಗೆ ಭಾವದ ಮೇಲೆ ನಿಲ್ಲಲು ಬರುವುದಿಲ್ಲ. ಅವಕ್ಕೆ ಕಾಗದದಲ್ಲಿ ಬರೆಯಬಹುದಾದ ನಿಯಮ ಬೇಕು. ಅಂಥ ನಿಯಮಗಳಲ್ಲಿ ಎರಡೇ ಬಗೆ: ಹುಟ್ಟಿದ ನೆಲದ ಹಕ್ಕು, ಹೆತ್ತವರ ರಕ್ತದ ಹಕ್ಕು. ಅಮೆರಿಕವು 1868ರ ತನ್ನ ಹದಿನಾಲ್ಕನೆಯ ತಿದ್ದುಪಡಿಯಲ್ಲಿ ನೆಲವನ್ನು ಆರಿಸಿಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗಳಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬಾತ ಅಮೆರಿಕದ ಪ್ರಜೆಯೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1898ರಲ್ಲಿ ತೀರ್ಪು ಕೊಟ್ಟಿತು. ಜರ್ಮನಿಯ 1913ರ ಕಾನೂನು ರಕ್ತವನ್ನು ಆರಿಸಿಕೊಂಡಿತ್ತು. ಅಲ್ಲಿಗೆ ದುಡಿಯಲು ಬಂದ ತುರ್ಕಿಗಳ ಮಕ್ಕಳು ಬರ್ಲಿನ್ನಿನಲ್ಲೇ ಹುಟ್ಟಿ ಬೆಳೆದೂ ವಿದೇಶಿಯರಾಗಿಯೇ ಉಳಿದರು. 2000ದ ಜನವರಿಯಿಂದ ಜರ್ಮನಿ ನೆಲಕ್ಕೂ ಒಂದಿಷ್ಟು ಮಾನ್ಯತೆ ಕೊಟ್ಟಿತು. ನಾವು ನಡೆದದ್ದು ಎದುರು ದಾರಿಯಲ್ಲಿ. ನಮ್ಮ 1955ರ ಪೌರತ್ವ ಕಾಯ್ದೆಯು ಗಣರಾಜ್ಯದ ಮೊದಲ ದಿನದಿಂದ ಇಲ್ಲಿ ಹುಟ್ಟಿದ ಬಹುತೇಕ ಎಲ್ಲರನ್ನೂ ಪ್ರಜೆಗಳೆಂದಿತು. 1987ರ ಜುಲೈ 1ರ ನಂತರ ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕೆಂದಾಯಿತು. 2004ರ ಡಿಸೆಂಬರ್ 3ರ ನಂತರ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬುದೂ ಸೇರಿತು. ಅಮೆರಿಕದ ಅಧ್ಯಕ್ಷರು 2025ರ ಜನವರಿಯಲ್ಲಿ ಜನ್ಮದ ಪೌರತ್ವವನ್ನು ಮೊಟಕುಗೊಳಿಸುವ ಆದೇಶಕ್ಕೆ ಸಹಿ ಹಾಕಿದಾಗ ಇಲ್ಲಿನ ಎಷ್ಟೋ ಮನೆಗಳಲ್ಲಿ ಆತಂಕವಾಯಿತು, ‘ಅಲ್ಲಿ ಹುಟ್ಟಿದ ಕೂಸಿಗೆ ಇದೆಂಥ ಅನ್ಯಾಯ’ ಎಂಬ ಮಾತು ಕೇಳಿಬಂತು. ಅನ್ಯಾಯವೇ ಸರಿ. ಆದರೆ ಅಂಥದೇ ತಿದ್ದುಪಡಿಯನ್ನು ನಾವು ನಮ್ಮ ಮನೆಯಲ್ಲಿ ಎರಡು ಸಲ ಮಾಡಿಕೊಂಡಾಗ ಆ ಮನೆಗಳಲ್ಲಿ ಎಷ್ಟು ಜನರ ನಿದ್ದೆ ಕೆಟ್ಟಿತ್ತು?

ಕಾನೂನಿನ ಮಟ್ಟದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಎರಡರಲ್ಲಿ ನೆಲದ ನಿಯಮವೇ ಕರುಣೆಯುಳ್ಳದ್ದು. ಅದು ಕೂಸನ್ನು ಅಜ್ಜನ ಪಾಸ್‌ಪೋರ್ಟ್ ಕೇಳುವುದಿಲ್ಲ. ಆದರೆ ಅದು ಕಾನೂನಿಗೆ ಸಾಕು, ಅಸ್ಮಿತೆಗೆ ಸಾಲದು. ಗುಮಾಸ್ತನ ಕೆಲಸಕ್ಕಾಗಿ ಮಾಡಿದ ನಿಯಮವನ್ನು ಮನುಷ್ಯನ ಒಳಗಿನ ಸತ್ಯವೆಂದು ಬಗೆದದ್ದರಿಂದಲೇ ನಮ್ಮ ಗೊಂದಲ ಹುಟ್ಟಿದೆ.

ಗೊಂದಲದ ಮಾದರಿ ಬೇಕಾದರೆ 2022ರ ಅಕ್ಟೋಬರಿನ ನಮ್ಮ ಪತ್ರಿಕೆಗಳನ್ನು ತೆಗೆದು ನೋಡಿ. ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿಯಾದಾಗ ‘ನಮ್ಮವನು’ ಎಂಬ ಉತ್ಸಾಹ ಎಷ್ಟಿತ್ತು! ಆತ ಹುಟ್ಟಿದ್ದು ಸೌತಾಂಪ್ಟನ್ನಿನಲ್ಲಿ. ತಂದೆತಾಯಿ ಹುಟ್ಟಿದ್ದು ಪೂರ್ವ ಆಫ್ರಿಕದಲ್ಲಿ. ತಂದೆಯ ತಂದೆ ಗುಜ್ರನ್‌ವಾಲಾದವರು, ಅದು ಇಂದು ಪಾಕಿಸ್ತಾನದಲ್ಲಿದೆ. ರಕ್ತದ ಲೆಕ್ಕವನ್ನು ಪ್ರಾಮಾಣಿಕವಾಗಿ ಹಿಡಿದರೆ ಲಾಹೋರಿನಲ್ಲೂ ಪಟಾಕಿ ಹಾರಬೇಕಾಗಿತ್ತು. ಬೆಂಗಳೂರಿನ ಅಳಿಯ ಎಂಬ ಒಂದು ನಂಟನ್ನು ಮಾತ್ರ ನಾನು ಪ್ರಶ್ನಿಸುವುದಿಲ್ಲ, ಅಳಿಯಂದಿರ ವಿಷಯದಲ್ಲಿ ನಮ್ಮವರು ಯಾವ ತರ್ಕವನ್ನೂ ಕೇಳುವವರಲ್ಲ. ಓಹಾಯೋದಲ್ಲಿ ಹುಟ್ಟಿ ಅಮೆರಿಕದ ನೌಕಾಪಡೆಯಲ್ಲಿ ದುಡಿದ ಸುನೀತಾ ವಿಲಿಯಮ್ಸ್ ಬಾಹ್ಯಾಕಾಶಕ್ಕೆ ಹೋದಾಗಲೂ ಇದೇ ಉತ್ಸಾಹ. ಗೆದ್ದವರು ಎಲ್ಲಿ ಹುಟ್ಟಿದರೂ ನಮ್ಮ ರಕ್ತ.

ಈಗ ಕಣ್ಣನ್ನು ಹತ್ತಿರಕ್ಕೆ ತನ್ನಿ. ಅಣ್ಣಿಗೇರಿಯಿಂದ ಪಶ್ಚಿಮಕ್ಕೆ ಧಾರವಾಡವನ್ನು ದಾಟಿ ಹೋದರೆ ಹಳಿಯಾಳ, ಯಲ್ಲಾಪುರದ ಕಾಡಂಚಿನ ಊರುಗಳು. ಅಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಮತ್ತಿತರರು ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರನ್ನಾಗಿ ತಂದವರ ಸಂತತಿ. ಕೊಂಕಣಿ, ಕನ್ನಡ, ಮರಾಠಿ ಆಡುತ್ತಾರೆ. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂರೂ ಬಗೆಯವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಸಿದ್ದಿ ಹುಡುಗನೊಬ್ಬ ನಿಂತರೆ ‘ಯಾವ ದೇಶದವ ನೀ?’ ಎಂದು ಕೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೇಳಿದವನ ಮನೆತನ ಹುಬ್ಬಳ್ಳಿಗೆ ಬಂದು ಎಷ್ಟು ತಲೆಮಾರಾಗಿತ್ತೋ! ಸರ್ಕಾರವೇ 1980ರ ದಶಕದ ಕೊನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಕ್ರೀಡಾ ತರಬೇತಿಗೆ ಕರೆದೊಯ್ದಿತು. ಆಫ್ರಿಕದ ರಕ್ತದಲ್ಲಿ ಓಟವಿದೆ, ಅದು ಭಾರತಕ್ಕೆ ಪದಕ ತಂದೀತು ಎಂಬ ನಂಬಿಕೆ ಆ ಯೋಜನೆಯ ಹಿಂದಿತ್ತು. ಕೆಲವೇ ವರ್ಷಗಳಲ್ಲಿ ಅದು ನಿಂತಿತು, ಮಕ್ಕಳು ಊರಿಗೆ ಮರಳಿದರು. ಪದಕ ಬೇಕಾದಾಗ ರಕ್ತ ಉಪಯೋಗಕ್ಕೆ ಬಂತು. ಬಸ್ ನಿಲ್ದಾಣದಲ್ಲಿ ಅದೇ ರಕ್ತ ಅಡ್ಡ ಬಂತು. ಸೌತಾಂಪ್ಟನ್ನಿನಲ್ಲಿ ಹುಟ್ಟಿದವನು ನಮ್ಮವನಾಗಬಲ್ಲ, ಹಳಿಯಾಳದಲ್ಲಿ ಹುಟ್ಟಿದವನು ಆಗಲಾರ ಎನ್ನುವ ಈ ಲೆಕ್ಕಕ್ಕೆ ತಳಪಾಯ ಪರಂಪರೆಯೂ ಅಲ್ಲ, ಜನ್ಮಭೂಮಿಯೂ ಅಲ್ಲ. ಅದರ ತಳಪಾಯ ನಮ್ಮ ಅನುಕೂಲ.

ಅದೇ ಜಿಲ್ಲೆಯ ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟಿಯನ್ನರ ವಸತಿಯಿದೆ. ಅಲ್ಲಿಂದ ಬಂದ ಒಬ್ಬ ವಿದ್ಯಾರ್ಥಿನಿ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದಳು. ಐಚ್ಛಿಕ ಕನ್ನಡ. ಹಳಗನ್ನಡದ ಸಂಧಿ ಬಿಡಿಸುವುದರಲ್ಲಿ ತರಗತಿಯ ಮುಂದಿನ ಸಾಲಿನವಳು. ಪ್ರವೇಶದ ಅರ್ಜಿಯಲ್ಲಿ ‘ಸ್ವಂತ ಊರು’ ಎಂಬ ಕಡೆ ಅವಳು ಮುಂಡಗೋಡ ಎಂದು ಬರೆದಿದ್ದಳು. ಕಚೇರಿಯ ಗುಮಾಸ್ತರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಟಿಬೆಟ್’ ಎಂದು ತಿದ್ದಿದರು. ಅವಳು ಟಿಬೆಟನ್ನು ಕಂಡವಳಲ್ಲ. ಹುಟ್ಟಿದ್ದು 1987ಕ್ಕೆ ಮೊದಲು, ಅದೂ ಭಾರತದಲ್ಲಿ. ಕಾಯ್ದೆಯ ಮಾತನ್ನು ನಂಬುವುದಾದರೆ ಹುಟ್ಟಿನಿಂದಲೇ ಭಾರತದ ಪ್ರಜೆ. ಇಂಥವರು ಪ್ರಜೆಗಳೇ ಹೌದು ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದವು. ಅಷ್ಟು ಹೊತ್ತಿಗೆ ಅವಳು ಓದು ಮುಗಿಸಿ ಬಹಳ ಕಾಲವಾಗಿತ್ತು.

ಆ ತೀರ್ಪುಗಳಾದ ಮೇಲೆ ಒಮ್ಮೆ ಭೇಟಿಯಾದಾಗ ಕೇಳಿದೆ. ‘ಅಣ್ಣ ಪಾಸ್‌ಪೋರ್ಟ್ ಮಾಡಿಸ್ಕೊಂಡಾನ್ರೀ ಸರ್. ನಾ ಮಾಡಿಸಿಲ್ಲ’ ಎಂದಳು. ಏಕೆಂದು ಕೇಳಿದ್ದಕ್ಕೆ, ಅಣ್ಣನಿಗೆ ಇಲ್ಲಿ ಅಂಗಡಿಯಿದೆ, ಮಕ್ಕಳಿದ್ದಾರೆ, ಅವನು ಈ ದೇಶದವನಾಗಿ ಬಾಳಬೇಕೆಂದು ತೀರ್ಮಾನಿಸಿದ್ದಾನೆ, ಅದರಲ್ಲಿ ತಪ್ಪೇನಿಲ್ಲ ಎಂದಳು. ತನ್ನ ಬಗ್ಗೆ ಹೇಳಿದ್ದಿಷ್ಟು: ಅವ್ವ ಅಪ್ಪ ಬಿಟ್ಟು ಬಂದ ನಾಡಿನ ಹೆಸರನ್ನು ಮನೆಯಲ್ಲಿ ಒಬ್ಬರಾದರೂ ಕಾಗದದ ಮೇಲೆ ಉಳಿಸಬೇಕು. ಇಷ್ಟನ್ನೂ ಅವಳು ಹೇಳಿದ್ದು ಮುಂಡಗೋಡದ ಕನ್ನಡದಲ್ಲಿ. ಗುಮಾಸ್ತರು ಬಲವಂತವಾಗಿ ಹಚ್ಚಿದ ಹೆಸರನ್ನು ಹತ್ತು ಹನ್ನೆರಡು ವರ್ಷಗಳ ಮೇಲೆ ಅವಳು ತಾನಾಗಿ ಆರಿಸಿಕೊಂಡಿದ್ದಳು. ಎರಡೂ ಒಂದೇ ಎಂದು ಯಾರಾದರೂ ಹೇಳುವುದಾದರೆ ಅವರೊಡನೆ ನನಗೆ ವಾದವಿಲ್ಲ.

ಒಂದೇ ಹೊಟ್ಟೆ, ಒಂದೇ ಊರು, ಒಂದೇ ಶಾಲೆ. ಅಣ್ಣನದೊಂದು ಉತ್ತರ, ತಂಗಿಯದೊಂದು ಉತ್ತರ. ಕುರ್ಕ್ಯಾಲದ ಬೆಟ್ಟದ ಸೋದರರನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಇವರನ್ನು ಕಣ್ಣಾರೆ ಕಂಡೆ. ಅಣ್ಣನನ್ನು ಟಿಬೆಟಿಗೆ ದ್ರೋಹ ಬಗೆದವನೆಂದಾಗಲೀ ತಂಗಿಯನ್ನು ಭಾರತಕ್ಕೆ ಕೃತಘ್ನಳೆಂದಾಗಲೀ ಹೇಳುವ ಅಧಿಕಾರ ನನಗಿಲ್ಲ, ನಿಮಗೂ ಇಲ್ಲ. ಅವಳು ತನ್ನ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಾಳೆಂಬುದನ್ನು ಇಲ್ಲಿ ಸಾಕ್ಷ್ಯವಾಗಿ ಸೇರಿಸಲು ಆಸೆಯಾಗುತ್ತದೆ. ಸೇರಿಸಿದರೆ ನಾನೂ ಋಣ ವಸೂಲಿ ಮಾಡುವವರ ಸಾಲಿಗೆ ಸೇರುತ್ತೇನೆ. ಆದ್ದರಿಂದ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ.

ಸಂಶೋಧನೆಗೆ ತೊಡಗಿರುವ ಕಿರಿಯರು ಕೇಳಬಹುದು: ಹಾಗಾದರೆ ವಂಶಾವಳಿ, ಸ್ಥಳನಿರ್ಣಯ ಎಲ್ಲ ವ್ಯರ್ಥವೆ? ಖಂಡಿತ ಅಲ್ಲ. ವೆಂಗಿಪಳು ಎಲ್ಲಿತ್ತು, ಭೀಮಪಯ್ಯ ಯಾವ ಕಾಲದಲ್ಲಿ ಪಶ್ಚಿಮಕ್ಕೆ ಬಂದ, ಪಂಪನಿಗೆ ಅಗ್ರಹಾರವಾಗಿ ಸಿಕ್ಕ ಧರ್ಮಪುರ ಯಾವುದು, ಇವೆಲ್ಲ ದುಡಿಯಲೇಬೇಕಾದ ವಿಷಯಗಳು. ವೆಂಗಿಯಿಂದ ಇಷ್ಟೊಂದು ಮನೆತನಗಳು ಏಕೆ ಹೊರಟವು ಎಂಬುದರ ಬಗ್ಗೆ ನಮ್ಮಲ್ಲಿ ತೃಪ್ತಿಕರವಾದ ಒಂದು ಪ್ರಬಂಧವೂ ಇಲ್ಲವೆಂಬುದು ನಾಚಿಕೆಯ ಸಂಗತಿ. ಅಣ್ಣಿಗೇರಿಯ ಹೆರಿಗೆಮನೆಯನ್ನು ಹುಡುಕುವುದರಲ್ಲೇ ಕಳೆದ ಶ್ರಮದ ಅರ್ಧವನ್ನು ಅಲ್ಲಿ ಹಾಕಿದ್ದರೆ ಸಾಕಾಗಿತ್ತು. ಎಲ್ಲಿಂದ ಬಂದ ಎಂಬುದು ಚರಿತ್ರೆಯ ಪ್ರಶ್ನೆ. ಯಾರವನು ಎಂಬ ತೀರ್ಪನ್ನು ಅದರ ಬಾಲಕ್ಕೆ ಕಟ್ಟಬೇಡಿ ಎಂದಷ್ಟೇ ನಾನು ಹೇಳುತ್ತಿರುವುದು.

ಕಳೆದ ಸೆಮಿಸ್ಟರಿನಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವ ಸರದಿ ನನಗೆ ಬಂದಿತ್ತು. ಆ ಐದು ಅಂಕದ ಪ್ರಶ್ನೆಯನ್ನು ಕೈಬಿಟ್ಟು ಅದರ ಜಾಗದಲ್ಲಿ ಇನ್ನೊಂದನ್ನು ಇಟ್ಟೆ: ‘ಕುರ್ಕ್ಯಾಲದ ಶಾಸನದಲ್ಲಿ ಮೂರು ಭಾಷೆಗಳಿರುವುದಕ್ಕೆ ಕಾರಣಗಳೇನಿರಬಹುದು? ಚರ್ಚಿಸಿರಿ.’ ಮೌಲ್ಯಮಾಪನ ಕೇಂದ್ರದಲ್ಲಿ ಸಹೋದ್ಯೋಗಿಯೊಬ್ಬರು ನನ್ನ ಕಡೆ ತಿರುಗಿ, ಈ ಪ್ರಶ್ನೆಗೆ ಮಾದರಿ ಉತ್ತರವೇ ಇಲ್ಲವಲ್ಲ, ಅಂಕ ಹೇಗೆ ಹಾಕುವುದು ಎಂದು ಕೇಳಿದರು. ಹುಡುಗರು ಏನು ಬರೆದಿದ್ದಾರೆ ಓದಿ ನೋಡಿ ಎಂದೆ.